ಹತ್ತೊಂಬತ್ತನೇ ಮಹಡಿಯ ಕಿಟಕಿ

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ಹಣ್ಣಿನಂಗಡಿಯ ಪೂನ್ ಅಮ್ಮ, ದೂರು ಹೇಳುವ ಮೊದಲು ಒಂದು ಚಕ್ಕೋತವನ್ನು ಇನ್‌ಸ್ಪೆಕ್ಟರ್ ಮಾಕ್ ಅವರ ಮೇಜಿನ ಮೇಲೆ ಕುಕ್ಕಿದರು. ಹಣ್ಣು ಅಪ್ಪಚ್ಚಿಯಾಗಿತ್ತು.

"ಏನಮ್ಮಾ ಇದು?"

"ನನ್ನ ತಲೆ ಆಗ್ಬೇಕಿತ್ತು, ಹಣ್ಣಾಯ್ತು. ಮೇಲಿಂದ ಕಿಟಕಿ ಬಿತ್ತು ಸರ್. ಕದ, ಗಾಜು, ಪೂರ್ತಿ! ಹಬ್ಬ ಎದುರಿಗಿದೆ, ನನ್ನ ಚಕ್ಕೋತದ ರಾಶಿ ಚಟ್ನಿ ಆಗೋಯ್ತು."

"ನೀವೆಲ್ಲಿದ್ರಿ ಆಗ?"

"ಚಹಾ ತರೋಕೆ ಹೋಗಿದ್ದೆ. ಇಲ್ದಿದ್ರೆ ನೀವೀಗ ನನ್ನ ಹೆಣದ ಹತ್ರ ಮಾತಾಡ್ತಿದ್ರಿ."

"ಯಾವ ಕಟ್ಟಡ?"

"ಹೊಯ್ ಫೂ."

ಮಾಕ್ ಪೆನ್ನು ಕೆಳಗಿಟ್ಟರು. ಹೊಯ್ ಫೂ ಎಂದರೆ ಅವರ ಜೀವ ತಿನ್ನುವ ಕಟ್ಟಡ. ಅಲ್ಲಿನ ಮಾಲೀಕರ ಸಂಘ ನಾಲ್ಕು ವರ್ಷದಿಂದ ಹೊಸ ಅಲ್ಯೂಮಿನಿಯಂ ಕಿಟಕಿ ಆರಿಸುತ್ತಿತ್ತು. ಹಾಕಿದರೆ ಇಪ್ಪತ್ತಾರು ಮಹಡಿಗೂ ಒಂದೇ ನಮೂನೆ, ಆರಿಸುವ ತನಕ ಯಾರೂ ಹಳೆಯದನ್ನು ಮುಟ್ಟುವಂತಿಲ್ಲ ಎಂಬುದು ಅವರ ಕಟ್ಟಳೆ. ಜಾರುವ ಕಿಟಕಿಯೋ, ಹೊರಕ್ಕೆ ತೆರೆಯುವ ಕಿಟಕಿಯೋ ಎಂಬ ಜಗಳದಲ್ಲಿ ಒಮ್ಮೆ ಕುರ್ಚಿ ಹಾರಿ ಆ ಕೇಸೂ ಇವರ ಮೇಜಿಗೇ ಬಂದಿತ್ತು.

ದೂರು ದಾಖಲಾಯಿತು. ಹತ್ತು ಗಂಟೆಗೆ ಮಾಕ್, ಕಾನ್‌ಸ್ಟೇಬಲ್ ಸಿತ್ ಎಂಬ ಚುರುಕಿನ ಹೆಣ್ಣುಮಗಳ ಜೊತೆ ಸ್ಥಳ ಪಂಚನಾಮೆಗೆ ಹೋದರು. ಹಣ್ಣಿನ ರಾಶಿಯ ಮೇಲೆ ಒಂದು ಕಿಟಕಿ ಕದ ಸೊಟ್ಟಗೆ ಬಿದ್ದಿತ್ತು. ಗಾಜು ಪುಡಿಯಾಗಿದ್ದರೂ ಚೂರುಗಳು ಚೆಲ್ಲಿರಲಿಲ್ಲ. ಗಾಜಿನ ಮೇಲೆ ಅಡ್ಡಡ್ಡ ಹಚ್ಚಿದ್ದ ಅಂಟುಪಟ್ಟಿ ಅವನ್ನು ಹಿಡಿದುಕೊಂಡಿತ್ತು. ಹಿಂದಿನ ವಾರ ಚಂಡಮಾರುತ ಬಂದಾಗ ಊರೆಲ್ಲ ಹೀಗೆ ಪಟ್ಟಿ ಹಚ್ಚಿತ್ತು. ಆದರೆ ಇವತ್ತು ಒಣಹಾಕಿದ ಬಟ್ಟೆಯೂ ಅಲುಗಾಡುವಷ್ಟು ಗಾಳಿ ಇರಲಿಲ್ಲ.

ಕೆಳಗಿನ ಹಜಾರದಲ್ಲಿ ಎರಡು ಮಾದರಿ ಕಿಟಕಿಗಳನ್ನು ನಿಲ್ಲಿಸಿದ್ದರು. ಅವುಗಳ ಮುಂದೆ ಆಗಲೇ ಇಪ್ಪತ್ತು ಜನ ಸೇರಿದ್ದರು.

"ಬಿದ್ದದ್ದನ್ನ ಯಾರಾದ್ರೂ ನೋಡಿದ್ರಾ?" ಮಾಕ್ ಕೇಳಿದರು.

"ಜಾರೋ ಕಿಟಕಿ ಆಗಿದ್ರೆ ಬೀಳ್ತಾನೇ ಇರ್ಲಿಲ್ಲ, ಸರ್," ಎಂದರು ಒಬ್ಬ ಮುದುಕರು.

"ನಾನು ಕೇಳಿದ್ದು ಅದಲ್ಲ."

"ಜಾರೋದು ಅರ್ಧನೇ ತೆರೆಯೋದು, ಗಾಳಿ ಬರುತ್ತಾ?" ಎಂದಿತು ಹಿಂದಿನಿಂದ ಒಂದು ದನಿ.

"ಅಯ್ಯೋ, ನೋಡಿದ್ರಾ ಇಲ್ವಾ?"

ನೋಡಿದವರು ಯಾರೂ ಇರಲಿಲ್ಲ. ಅಭಿಪ್ರಾಯ ಇಲ್ಲದವರೂ ಯಾರೂ ಇರಲಿಲ್ಲ. ಮಾಕ್‌ಗೆ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಕೈಹಿಡಿದು ಲಿಫ್ಟಿಗೆ ಕರೆದೊಯ್ದವರು ಸಂಘದ ಕಾರ್ಯದರ್ಶಿ ಫುಂಗ್, ನಿವೃತ್ತ ಭೂಗೋಳದ ಮೇಷ್ಟ್ರು. ಹತ್ತೊಂಬತ್ತನೇ ಮಹಡಿಯಲ್ಲಿ ಅವರ ಮನೆ. ಅದೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಕಿಟಕಿಯ ಜಾಗ ಖಾಲಿ ಬಾಯಿ ಬಿಟ್ಟಿತ್ತು.

"ಹಳೇ ಕಿಟಕಿ ಸರ್," ಎಂದರು ಫುಂಗ್. "ತಾನೇ ಬಿದ್ದಿದೆ. ನಾಳೆ ಮೀಟಿಂಗ್ ಇದೆ. ಇನ್ನಾದ್ರೂ ಆರಿಸ್ತಾರೆ."

ಅಷ್ಟರಲ್ಲಿ ಎದುರು ಮನೆಯ ಶ್ರೀಮತಿ ತ್ಸೆ ಬಾಗಿಲು ತೆರೆದರು. "ತಾನೇ ಯಾಕೆ ಬೀಳುತ್ತೆ? ನಮ್ಮ ಮನೆಕೆಲಸದವಳು ದಿನಾ ಅಲ್ಲೇ ನಿಂತು ಊರಿಗೆ ಫೋನ್ ಮಾಡ್ತಾಳೆ. ಇವತ್ತೂ ಅಲ್ಲೇ ನಿಂತು ಕೆಳಗೆ ಇಣುಕ್ತಿದ್ಲು, ನಾನೇ ನೋಡಿದೆ."

ಅವಳ ಹೆಸರು ವಾರ್ತಿನಿ. ಜಾವಾದವಳು, ಈ ಮನೆಗೆ ಬಂದು ಆರು ವರ್ಷವಾಗಿತ್ತು. ನಿನ್ನೆಯವರೆಗೆ ಮಹಡಿಯವರೆಲ್ಲ ಅವಳನ್ನು 'ಅಕ್ಕ' ಎನ್ನುತ್ತಿದ್ದರು. ಹತ್ತೇ ನಿಮಿಷದಲ್ಲಿ ಅವಳು 'ಆ ಕೆಲಸದವಳು' ಆದಳು.

ಠಾಣೆಯಲ್ಲಿ ಅವಳು ಅಳಲಿಲ್ಲ. ಮಾಕ್ ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರಿಸಿದಳು.

"ಕಿಟಕಿ ತೆಗೆದಿದ್ದು ನೀನಾ?"

"ಇಲ್ಲ ಸರ್. ನಾನು ಬರೋಷ್ಟರಲ್ಲಿ ಕಿಟಕೀನೇ ಇರ್ಲಿಲ್ಲ. ಅದಕ್ಕೇ ಇಣುಕಿದೆ."

"ಜೊತೆಗೆ ಯಾರಾದ್ರೂ ಇದ್ರಾ?"

"ಇಲ್ಲ. ಕೇಸ್ ಆದ್ರೆ ಮೇಡಂ ಕೆಲಸದಿಂದ ತೆಗೀತಾರೆ ಸರ್. ಕೆಲಸ ಹೋದ್ರೆ ಎರಡು ವಾರದಲ್ಲಿ ಈ ಊರು ಬಿಡ್ಬೇಕು, ವೀಸಾ ನಿಯಮ. ಮಗಳು ನರ್ಸಿಂಗ್ ಓದ್ತಿದ್ದಾಳೆ, ಇನ್ನೊಂದೇ ವರ್ಷ."

ಮಧ್ಯಾಹ್ನದ ಹೊತ್ತಿಗೆ ಶ್ರೀಮತಿ ತ್ಸೆ ಫೋನ್ ಮಾಡಿ, ಕೇಸಾದರೆ ಅವಳನ್ನು ತಮ್ಮ ಮನೆಗೆ ವಾಪಸು ಕಳಿಸಬೇಡಿ ಎಂದರು. ಹೊಯ್ ಫೂ ಹಜಾರದಿಂದ ಇನ್ನೊಂದು ಸುದ್ದಿಯೂ ಬಂತು: ತಪ್ಪು ಕಿಟಕಿಯದಲ್ಲ, ಕೆಲಸದವಳದು. ಆದ್ದರಿಂದ ಅವಸರವಿಲ್ಲ, ನಾಳಿನ ಮೀಟಿಂಗ್ ಮುಂದಕ್ಕೆ. ಮಾಕ್ ಹಣೆ ಒತ್ತಿಕೊಂಡರು. ಒಬ್ಬಳ ಅನ್ನ ಹೋಗುವುದರಲ್ಲಿತ್ತು, ಇವರಿಗೆ ನೆಮ್ಮದಿಯಾಗಿತ್ತು.

"ಸರ್, ಇಲ್ನೋಡಿ," ಎಂದಳು ಸಿತ್. ಜಪ್ತಿ ಮಾಡಿ ತಂದ ಕದವನ್ನು ಅವಳು ಮಗುಚಿ ಹಾಕಿದ್ದಳು. "ಪಟ್ಟಿ ಎರಡೂ ಕಡೆ ಇದೆ."

"ಇದ್ರೆ?"

"ಯಾರಾದ್ರೂ ಹೊರಗಡೆ ಹಚ್ತಾರಾ? ಗಾಳೀಲಿ ನೇತಾಡ್ಕೊಂಡು?"

ಮಾಕ್ ಎದ್ದು ನಿಂತರು. ತಮ್ಮ ಮನೆಯಲ್ಲೂ ಪ್ರತಿ ಚಂಡಮಾರುತಕ್ಕೆ ಹೆಂಡತಿ ಒಳಗಿನಿಂದಲೇ ಹಚ್ಚುತ್ತಿದ್ದಳು. ಇಬ್ಬರೂ ಮತ್ತೆ ಹೊಯ್ ಫೂಗೆ ಹೋಗಿ ಮಹಡಿ ಮಹಡಿಯ ತಿರುವಿನ ಕಿಟಕಿ ನೋಡಿದರು. ಎಲ್ಲ ಕಡೆ ಪಟ್ಟಿ ಒಳಗೆ ಮಾತ್ರ ಇತ್ತು. ಹದಿನೆಂಟನೆಯದರಲ್ಲಿ ಸಿತ್ ಕದ ತೆರೆದು ಕೈ ಚಾಚಿದಳು. ಹೊರಗಾಜಿನ ಅರ್ಧಕ್ಕಿಂತ ಆಚೆ ಎಟುಕಲಿಲ್ಲ.

"ನನ್ನ ಬೆಲ್ಟ್ ಹಿಡ್ಕೊಳ್ಳಿ ಸರ್, ಇನ್ನೂ ಸ್ವಲ್ಪ..."

"ತಲೆ ಕೆಟ್ಟಿದ್ಯಾ? ಇಳಿ. ಅರ್ಥ ಆಯ್ತು."

ಯಾರೋ ಕದವನ್ನು ಬಿಚ್ಚಿ, ನೆಲಕ್ಕೆ ಮಲಗಿಸಿ, ಎರಡೂ ಬದಿಗೆ ಹಚ್ಚಿ, ಆಮೇಲೆ ಹೊರಗೆ ತಳ್ಳಿದ್ದರು. ಹತ್ತೊಂಬತ್ತರ ಚೌಕಟ್ಟಿನಲ್ಲಿ ಕದ ಹಿಡಿದಿಡುವ ರಿವೆಟ್ ಮೊಳೆಗಳ ತೂತು ಹರಿದಿರಲಿಲ್ಲ. ಡ್ರಿಲ್ಲಿನಿಂದ ಕೊರೆದ ಅಂಚು ಹೊಳೆಯುತ್ತಿತ್ತು. ಕೆಡವಲೂ ಬೇಕು, ಗಾಜು ಯಾರಿಗೂ ಸಿಡಿಯಲೂಬಾರದು. ಎಂಥ ಅಪರಾಧಿ ಇವನು ಎಂದು ಮಾಕ್‌ಗೆ ರೇಗಿತು. ಇಷ್ಟು ಎಚ್ಚರದ ಮನುಷ್ಯ ಕೆಳಗೆ ಕೂತಿರುವ ಮುದುಕಿಯನ್ನು ಮರೆತಾನೆಯೇ?

ಅವರು ನೇರ ಹಣ್ಣಿನಂಗಡಿಗೆ ಇಳಿದರು.

"ದಿನಾ ಆ ಹೊತ್ತಿಗೆ ಚಹಾ ತರ್ತೀರಾ?"

"ನಾನಾ? ಅಂಗಡಿ ಬಿಟ್ಟು ಏಳೋದೇ ಇಲ್ಲ. ಕಾರ್ಯದರ್ಶಿಗಳು ಫೋನ್ ಮಾಡಿದ್ರು. ನನಗೊಂದು ಹಾಲು ಚಹಾ ತನ್ನಿ, ನೀವೂ ಒಂದು ಕುಡೀರಿ, ದುಡ್ಡು ನಾನು ಕೊಡ್ತೀನಿ ಅಂದ್ರು." ಪೂನ್ ಅಮ್ಮನ ಕೈ ಹಣ್ಣಿನ ಮೇಲೆ ನಿಂತಿತು. "ಇಷ್ಟು ವರ್ಷದಲ್ಲಿ ಒಂದಿನಾನೂ ಚಹಾ ಕುಡಿಸಿದವರಲ್ಲ."

ಸಂಜೆ ನಾಲ್ಕಕ್ಕೆ ಫುಂಗ್ ಬಾಗಿಲು ತೆರೆದರು. ಅವರ ಶೂಗಳು ಹೊಸ್ತಿಲಿನಲ್ಲೇ, ಲೇಸು ಬಿಚ್ಚಿಕೊಂಡು ಬಿದ್ದಿದ್ದವು.

"ಮೇಷ್ಟ್ರೇ, ಪೂನ್ ಅಮ್ಮನಿಗೆ ಚಹಾ ಯಾಕೆ ಕುಡಿಸಿದ್ರಿ?"

ಫುಂಗ್ ಬಾಗಿಲಿನಿಂದ ಸರಿದು ಒಳಗೆ ದಾರಿ ಬಿಟ್ಟರು.

"ಪಟ್ಟಿ ಎರಡೂ ಕಡೆ ಇದೆ."

"ಗಾಜು ರಸ್ತೆಗೆ ಸಿಡೀಬಾರ್ದು ಅಂತ," ಎಂದರು ಫುಂಗ್, ಪಾಠ ಒಪ್ಪಿಸುವವರ ಹಾಗೆ.

"ಫುಟ್‌ಪಾತಿನಲ್ಲಿ ಬೇರೆ ಯಾರಾದ್ರೂ ನಡ್ಕೊಂಡು ಬಂದಿದ್ರೆ?"

"ಬಗ್ಗಿ ನೋಡ್ಕೊಂಡೇ ತಳ್ಳಿದೆ."

"ಹತ್ತೊಂಬತ್ತು ಮಹಡಿ ಮೇಲಿಂದ ನೋಡಿದ್ರಂತೆ! ಅತ್ತ ಆ ಹೆಂಗಸು ಬೆಳಿಗ್ಗೆಯಿಂದ ಠಾಣೆಯಲ್ಲಿದ್ದಾಳೆ. ಗೊತ್ತಿತ್ತಾ ಇಲ್ವಾ?"

"ಗೊತ್ತಿತ್ತು. ಬರೋಣ ಅಂತ ಶೂ ಹಾಕ್ಕೊಂಡೆ. ಬಿಚ್ಚಿದೆ. ಮತ್ತೆ ಹಾಕ್ಕೊಂಡೆ." ಅವರು ಹೊಸ್ತಿಲಿನ ಶೂಗಳ ಕಡೆ ಕೈ ತೋರಿಸಿದರು. "ತಪ್ಪಾಯ್ತು ಸರ್. ಕಿಟಕೀನ ಬಯ್ತಾರೆ ಅಂದ್ಕೊಂಡಿದ್ದೆ. ಅವಳನ್ನ ಬಯ್ತಾರೆ ಅಂತ ಹೊಳೀಲೇ ಇಲ್ಲ."

ಡ್ರಿಲ್ ಜಪ್ತಿಯಾಯಿತು, ಬಂಧನದ ಕಾಗದಕ್ಕೆ ಸಹಿಯಾಯಿತು. ವಾರ್ತಿನಿಯನ್ನು ಬಿಡಲು ಸಿತ್ ಠಾಣೆಗೆ ಫೋನ್ ಮಾಡಿದಳು. ಅವಳ ಮೇಲೆ ಕೇಸಿಲ್ಲ ಎಂದು ಮಾಕ್ ಸ್ವತಃ ಎದುರು ಮನೆಯ ಬಾಗಿಲು ತಟ್ಟಿ, ಶ್ರೀಮತಿ ತ್ಸೆಗೆ ಎರಡು ಸಲ ಹೇಳಿದರು.

ಲಿಫ್ಟಿನಲ್ಲಿ ಫುಂಗ್ ತಾವಾಗಿಯೇ ಮಾತಾಡಿದರು. ಹೋದ ವಾರದ ಚಂಡಮಾರುತದಲ್ಲಿ ಆ ಕಿಟಕಿಯ ಕೀಲು ಸಡಿಲಾಗಿತ್ತು. ಬೆಳಕು ಹರಿಯುವ ತನಕ ಅವರು ಮೆಟ್ಟಿಲ ಮೇಲೆ ನಿಂತು ಎರಡೂ ಕೈಯಿಂದ ಅದನ್ನು ಎಳೆದು ಹಿಡಿದಿದ್ದರು. ಮರುದಿನದ ಮೀಟಿಂಗಿನಲ್ಲಿ ಕಿಟಕಿಯ ಬಣ್ಣ ಬೆಳ್ಳಿಯೋ ಕಂದೋ ಎಂದು ಎರಡು ಗಂಟೆ ಜಗಳವಾಗಿತ್ತು.

"ಅದು ಬಿದ್ದೇ ಬೀಳ್ತಿತ್ತು ಸರ್. ಅವರು ಏನನ್ನೂ ಆರಿಸ್ಲಿಲ್ಲ. ಬೀಳೋ ಹೊತ್ತನ್ನ ನಾನು ಆರಿಸಿದೆ."

ಹಜಾರದಲ್ಲಿ ಜನ ಇನ್ನೂ ಕರಗಿರಲಿಲ್ಲ. ಬೇಡಿ ತೊಟ್ಟ ಕಾರ್ಯದರ್ಶಿಯನ್ನು ಕಂಡು ಎಲ್ಲರೂ ಎರಡು ಬದಿಗೆ ಸರಿದರು.

"ಹಾಗಾದ್ರೆ," ಎಂದರು ಬೆಳಗಿನ ಮುದುಕರು, "ಮೊದಲು ಹೊಸ ಕಾರ್ಯದರ್ಶಿನ ಆರಿಸ್ಬೇಕು. ಕಿಟಕಿ ಆಮೇಲೆ ನೋಡೋಣ."

ಮಾಕ್ ಹೊರಗೆ ಬಂದು ಜೀಪಿನ ಕಡೆ ಗೋಡೆಯ ಪಕ್ಕದಲ್ಲೇ ಹೆಜ್ಜೆ ಹಾಕಿದಾಗ ಫುಂಗ್ ತಡೆದು ನಿಂತರು.

"ಗೋಡೆ ಪಕ್ಕ ಬೇಡ ಸರ್," ಎಂದರು ಮೇಲೆ ನೋಡುತ್ತ. "ರಸ್ತೆ ಕಡೆಯಿಂದ ಹೋಗೋಣ."

ಮೂವರೂ ರಸ್ತೆಗಿಳಿದು ನಡೆದರು.