ಮುಕ್ಕಿಲ್ಲದ ಮೊಹರು

ಹನ್ನೊಂದನೇ ತಾರೀಖು, ಮಂಗಳವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಹೆರಿಗೆ ಆಸ್ಪತ್ರೆಯ ಸೂಪರಿಂಟೆಂಡೆಂಟರು ಕಂದು ಲಕೋಟೆಯೊಂದನ್ನು ಎದೆಗವಚಿಕೊಂಡು ಠಾಣೆಯ ಮೆಟ್ಟಿಲು ಹತ್ತಿದರು. ಲಕೋಟೆಯಲ್ಲಿದ್ದದ್ದು ಒಂದೇ ಹಾಳೆ. ಅವರ ಆಸ್ಪತ್ರೆಯ ಆಯಾ ಒಬ್ಬಳು ಯುರೋಪಿಗೆ ಹೋಗಲು ವೀಸಾ ಅರ್ಜಿ ಹಾಕಿದ್ದಳು. ಅರ್ಜಿಯ ಜೊತೆ ಇಟ್ಟಿದ್ದ ನೌಕರಿ ಮತ್ತು ರಜೆಯ ಪತ್ರ ನಿಮ್ಮದೇ ಹೌದೇ ಎಂದು ಕೇಳಿ ವೀಸಾ ಕಚೇರಿಯವರು ಮೂಲ ಪ್ರತಿಯನ್ನೇ ಕಳಿಸಿದ್ದರು.

ಇನ್ಸ್‌ಪೆಕ್ಟರ್ ಮೇಡಂ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ಸಹಿ ನಿಮ್ಮದೇನಾ?"

"ನೋಡಿದ್ರೆ ನಂದೇ. ಆದ್ರೆ ನಾನು ಹಾಕಿಲ್ಲ."

"ಮೊಹರು?"

"ನೋಡಿದ್ರೆ ನಮ್ದೇ. ನಾವು ಒತ್ತಿಲ್ಲ."

"ಈ ಹೆಂಗಸು ನಿಮ್ಮಲ್ಲಿ ಕೆಲಸ ಮಾಡ್ತಾರಾ?"

"ಮಾಡ್ತಾರೆ. ಆದ್ರೆ ನೌಕರಳಲ್ಲ."

"ದಿನಾ ಬರ್ತಾರಾ?"

"ಬರ್ತಾರೆ."

"ಮೂವತ್ತೊಂದು ವರ್ಷ ಅಂತ ಬರೆದಿದೆ."

"ಅಷ್ಟಾಗಿರಬಹುದು. ದಿನಗೂಲಿ ಮೇಡಂ. ನೇಮಕದ ಆದೇಶ ಇಲ್ಲ. ಆದೇಶ ಇಲ್ಲದವರಿಗೆ ಪತ್ರ ಕೊಡೋಕೆ ಬರಲ್ಲ."

ಉಟ್ಟ ಸೀರೆ ಕಣ್ಣೆದುರಿಗಿದ್ದರೂ ನೆಯ್ದ ಚೀಟಿ ತೋರಿಸು ಎನ್ನುವ ಜಾತಿಯ ಮನುಷ್ಯ ಎಂದು ಮೇಡಂಗೆ ಅನಿಸಿತು. ಆದರೆ ದೂರು ದೂರೇ. ಹನ್ನೊಂದು ಗಂಟೆಗೆ ಎಫ್.ಐ.ಆರ್. ದಾಖಲಾಯಿತು.

ಠಾಣೆಯ ಹೆಡ್ ಕಾನ್‌ಸ್ಟೆಬಲ್‌ಗೆ ಎಲ್ಲರೂ ಇಟ್ಟ ಹೆಸರು "ಪಂಚನಾಮೆ". ಮದುವೆ ಮನೆಗೆ ಹೋದರೂ ಎಷ್ಟು ಕುರ್ಚಿ, ಎಷ್ಟು ಚಪ್ಪಲಿ ಎಂದು ಎಣಿಸುವವನು. ಅವನನ್ನು ಕರೆದುಕೊಂಡು ಮೇಡಂ ಆಸ್ಪತ್ರೆಯ ಕಚೇರಿಗೆ ಹೋದರು. ಆ ವಾರದ ಇಪ್ಪತ್ತು ಕಾಗದ ತೆಗೆಸಿ ಮೇಜಿನ ಮೇಲೆ ಸಾಲಾಗಿ ಹರಡಿಸಿದರು. ಪಂಚನಾಮೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತ ಹೋದ.

"ಮೇಡಂ, ಇವರ ಮೊಹರಿನ ಸುತ್ತುಗೆರೆ ಬಲಗಡೆ ಕೆಳಗೆ ಮುಕ್ಕಾಗಿದೆ. ಇಪ್ಪತ್ತರಲ್ಲೂ ಹಾಗೇ. ನಮ್ಮ ಹಾಳೇಲಿ ಮಾತ್ರ ಗೆರೆ ಪೂರ್ತಿ ಇದೆ."

ಗುಮಾಸ್ತ ನಕ್ಕ. "ಅದು ಬಿದ್ದು ಮುಕ್ಕಾಗಿ ಆರು ವರ್ಷ ಆಯ್ತು. ಹೊಸದು ಬೇಕು ಅಂತ ಬರ್ದಿದೀವಿ. ಇನ್ನೂ ಮಂಜೂರಾಗಿಲ್ಲ."

ಅಸಲಿಗಿಂತ ನಕಲಿಯೇ ನೆಟ್ಟಗಿತ್ತು. ಹೊಸದಾಗಿ ಯಾರೋ ಮೊಹರು ಮಾಡಿಸಿದ್ದಾರೆ ಎಂದುಕೊಂಡು ಮಧ್ಯಾಹ್ನ ಹನ್ನೆರಡೂವರೆಗೆ ಇಬ್ಬರೂ ರಬ್ಬರ್ ಸ್ಟಾಂಪಿನ ಅಂಗಡಿಗೆ ಹೋದರು. ನಲವತ್ತು ವರ್ಷ ಅದೇ ಕೆಲಸ ಮಾಡಿದ್ದ ಮುದುಕ ಭೂತಗನ್ನಡಿ ಹಿಡಿದು ಕೂತ. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಕನ್ನಡಿ ಕೆಳಗಿಟ್ಟು, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದ.

"ಇದು ಒತ್ತಿದ್ದಲ್ಲಮ್ಮ."

"ಮತ್ತೆ?"

"ಬರೆದದ್ದು. ಕುಂಚದಲ್ಲಿ. ನೋಡಿ, ಇಲ್ಲಿ ಶಾಯಿ ತುದಿಗೆ ಬರ್ತಾ ಸಣ್ಣಗಾಗಿದೆ. ಮೇಲಿರೋ ಆಸ್ಪತ್ರೆ ಹೆಸರೂ ಅಚ್ಚಿಂದಲ್ಲ, ಅದೂ ಕೈಯದೇ." ಅವನ ದನಿ ತಗ್ಗಿತು. "ನನ್ನ ಜನ್ಮದಲ್ಲಿ ಇಂಥದ್ದು ನೋಡಿಲ್ಲ. ಹಿಡಿದಾಗ ಹೊಡೀಬೇಡಿ ಅವನಿಗೆ. ಕೈಯನ್ನಂತೂ ಮುಟ್ಟಲೇಬೇಡಿ."

ಮೇಡಂ ಭೂತಗನ್ನಡಿಯಲ್ಲಿ ಕಣ್ಣಿಟ್ಟರು. ಕೋಟಿನ ಗುಂಡಿಯಷ್ಟಗಲದ ವೃತ್ತ, ಅದರೊಳಗೆ ಸಾಸಿವೆಯಷ್ಟು ಸಣ್ಣ ಇಪ್ಪತ್ತೆಂಟು ಅಕ್ಷರ, ಒಂದೂ ಸೊಟ್ಟವಿಲ್ಲ. ಹದಿನೇಳು ವರ್ಷದ ನೌಕರಿಯಲ್ಲಿ ನೂರೆಂಟು ಖೋಟಾ ಕಾಗದ ಕಂಡಿದ್ದ ಅವರು ಕನ್ನಡಿ ಕೆಳಗಿಡದೆ ಮೊದಲಿಂದ ಮತ್ತೊಮ್ಮೆ ಓದಿದರು. ತಪ್ಪು ಹುಡುಕಲು ಬಂದವರು ಬೆರಗಾಗಿ ನಿಂತಿದ್ದರು.

ಆಯಾ ವಾರ್ಡಿನಲ್ಲೇ ಸಿಕ್ಕಳು, ಎರಡು ಗಂಟೆಗೆ. ಐವತ್ತೆಂಟರ ಹೆಂಗಸು. ತೋಳಿನಲ್ಲಿ ಯಾರದೋ ಒಂದು ದಿನದ ಕೂಸು. ಪೊಲೀಸರನ್ನು ಕಂಡು ಅವಳು ಹೆದರಲಿಲ್ಲ. ವೀಸಾಕ್ಕೆ ವಿಚಾರಣೆ ಇರುತ್ತದೆಂದು ಯಾರೋ ಹೇಳಿದ್ದರಂತೆ.

"ಯಾತಕ್ಕೆ ಹೋಗ್ತಿದೀರಿ?"

"ಮಗಳ ಮದುವೆಗೆ." ಆಮೇಲೆ ತಾನೇ ತಿದ್ದಿಕೊಂಡಳು. "ಹೆತ್ತಿದ್ದಲ್ಲ. ಇಪ್ಪತ್ತಾರು ವರ್ಷದ ಹಿಂದೆ ಇದೇ ವಾರ್ಡಲ್ಲಿ ಒಬ್ಬಳು ಕೂಸು ಬಿಟ್ಟು ಹೋದ್ಲು. ಎಂಟು ತಿಂಗಳು ನನ್ನ ಹತ್ರಾನೇ ಇತ್ತು. ಆಮೇಲೆ ಆ ದೇಶದೋರು ದತ್ತು ತಗೊಂಡ್ರು. ಅವಳೇ ಹುಡುಕ್ಕೊಂಡು ಕಾಗದ ಬರ್ದಿದಾಳೆ. ಮದುವೆ ದಿನ ತಾಯಿ ನಿಲ್ಲೋ ಜಾಗದಲ್ಲಿ ನಾವಿಬ್ರೂ ನಿಲ್ಬೇಕಂತೆ, ಆ ಅಮ್ಮನೂ ನಾನೂ."

"ಯಾವತ್ತು?"

"ಮುಂದಿನ ತಿಂಗಳು ಇಪ್ಪತ್ತಕ್ಕೆ. ಟಿಕೇಟು, ವಿಮೆ, ಉಳ್ಕೊಳ್ಳೋ ವಿಳಾಸ ಎಲ್ಲಾ ಅವಳೇ ಕಳ್ಸಿದ್ಲು. ನಾನು ಇಲ್ಲಿ ಕೆಲಸದಲ್ಲಿದೀನಿ, ವಾಪಸ್ ಬರ್ತೀನಿ ಅನ್ನೋಕೆ ಒಂದು ಕಾಗದ ಬೇಕಿತ್ತು. ಏಳು ಸಲ ಅಲೆದೆ. ಕೊನೆಗೆ ದೊಡ್ಡ ಸಾಹೇಬ್ರು ಮನಸ್ಸು ಮಾಡಿದ್ರು. ಮೊನ್ನೆ ವರಾಂಡದಲ್ಲಿ ಕೈ ಮುಗ್ದೆ, ಅವರೂ ತಲೆ ಆಡಿಸಿದ್ರು."

"ಕಾಗದ ನಿಮ್ಮ ಕೈಗೆ ಕೊಟ್ಟದ್ದು ಯಾರು?"

"ನನ್ನ ತಮ್ಮ ಇಸ್ಕೊಂಡು ಬಂದ. ಇಲ್ಲಿ ವಾರ್ಡುಗಳ ಬೋರ್ಡೆಲ್ಲ ಬರೆದವನು ಅವನೇ ಅಲ್ವಾ."

ಮೇಡಂ ತಲೆಯೆತ್ತಿ ಬಾಗಿಲ ಮೇಲಿನ ಬೋರ್ಡು ನೋಡಿದರು. ಪಂಚನಾಮೆಯೂ ನೋಡಿದ. ಪತ್ರದ ತಲೆಯ ಮೇಲಿದ್ದದ್ದೂ ಇದೇ ಕೈಯ ಅಕ್ಷರ. ಆಯಾಳ ತೋಳಿನಲ್ಲಿ ಕೂಸಿತ್ತು; ತಮ್ಮನ ವಿಳಾಸವನ್ನಷ್ಟೇ ಕೇಳಿಕೊಂಡು ಹೊರಟರು.

ತಮ್ಮನ ಮನೆ ಎರಡು ಬೀದಿ ಆಚೆ. ಮೂರು ಇಪ್ಪತ್ತಕ್ಕೆ ಬಾಗಿಲು ತಟ್ಟಿದಾಗ ಅವನು ಹೇರ್ ಕಟಿಂಗ್ ಅಂಗಡಿಯ ಬೋರ್ಡಿಗೆ ನೆರಳು ಬಣ್ಣ ಕೊಡುತ್ತಿದ್ದ. ಕೈಯಲ್ಲಿದ್ದ ಅಕ್ಷರ ಮುಗಿಸಿ, ಕುಂಚ ತೊಳೆದು, ಎದ್ದು ನಿಂತ.

"ಇದು ಯಾರು ಬರೆದದ್ದು?"

"ನಾನೇ."

"ಸಹಿ?"

"ಅದೂ ನಾನೇ. ನಡುವಿನ ಟೈಪಿಂಗು ಮಾತ್ರ ಹೊರಗೆ ಮಾಡಿಸಿದೆ. ಮಾತು ನನ್ನದೇ."

ಪಕ್ಕದ ದರ್ಜಿಯನ್ನೂ ಸೈಕಲ್ ರಿಪೇರಿಯವನನ್ನೂ ಪಂಚರಾಗಿ ಕರೆಸಲಾಯಿತು. ಒಪ್ಪಿಗೆ ಇದ್ದರೆ ಮಾದರಿ ಬರೆದು ತೋರಿಸಬಹುದು ಎಂದು ಮೇಡಂ ಹೇಳಿದರು. ಅವನು ಮೂರು ಕೂದಲಿನ ಕುಂಚ ತೆಗೆದ. ಉಸಿರು ಬಿಗಿಹಿಡಿದು, ಅಳತೆಪಟ್ಟಿಯಿಲ್ಲದೆ, ಕೈವಾರವಿಲ್ಲದೆ ಒಂದೇ ಎಳೆತಕ್ಕೆ ಸುತ್ತುಗೆರೆ ಎಳೆದ. ದರ್ಜಿ ಜೇಬಿನಿಂದ ಕೋಟಿನ ಗುಂಡಿಯೊಂದನ್ನು ತೆಗೆದು ಅದರ ಮೇಲಿಟ್ಟು ನೋಡಿದ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. "ಅಬ್ಬಾ!" ಎಂದವನು ಪೊಲೀಸರ ಮುಂದೆ ಹಾಗೆನ್ನಬಾರದಿತ್ತೇನೋ ಎಂದು ಬಾಯಿ ಮುಚ್ಚಿಕೊಂಡ. ಪಂಚನಾಮೆ ಬರೆಯುವುದನ್ನೇ ಮರೆತು ನಿಂತಿದ್ದ. ಇಷ್ಟು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು.

"ಅಸಲಿ ಮೊಹರು ಮುಕ್ಕಾಗಿದೆ. ನಿನ್ನದು ಪೂರ್ತಿ ಇದೆ. ಅದರಿಂದಲೇ ಸಿಕ್ಕಿಬಿದ್ದೆ" ಎಂದರು ಮೇಡಂ.

ಅವನು ಎರಡನ್ನೂ ಹೋಲಿಸಿ ನೋಡಿದ. ಅವನಿಗೆ ನಿಜವಾಗಿಯೂ ಅಚ್ಚರಿಯಾಗಿತ್ತು. "ಗೊತ್ತೇ ಆಗ್ಲಿಲ್ಲ ಮೇಡಂ. ಹಳೇ ಬೋರ್ಡು ಕೊಟ್ಟು ಹಾಗೇ ಬರಿ ಅಂದ್ರೂ ಒಡೆದ ಅಕ್ಷರ ಕಂಡ್ರೆ ಸರಿಮಾಡ್ಕೊಂಡೇ ಬರೀತೀನಿ. ಮುರಿದದ್ದನ್ನ ಮುರಿದ ಹಾಗೇ ಬರಿಯೋಕೆ ನನ್ನ ಕೈಗೆ ಬರಲ್ಲ."

ನಾಲ್ಕು ನಲವತ್ತಕ್ಕೆ ದಸ್ತಗಿರಿಯಾಯಿತು. ಜೀಪು ಹತ್ತುವ ಮುನ್ನ ಅವನು ಕೇಳಿದ್ದು ಒಂದೇ. "ಅಕ್ಕನಿಗೆ ಹೇಳ್ಬೇಡಿ. ಆಸ್ಪತ್ರೆಯವರೇ ಕೊಟ್ರು ಅಂದ್ಕೊಂಡಿದಾಳೆ. ಏಳನೇ ಸಲ ಹೋಗಿ ಬಂದ ದಿನ ಹೊಸ್ತಿಲ ಮೇಲೆ ಕೂತ್ಕೊಂಡು, 'ನಾನು ಅಲ್ಲಿ ಇರಲೇ ಇಲ್ವಂತೆ ಕಣೋ' ಅಂದ್ಲು. ಕೇಳೋಕಾಗ್ಲಿಲ್ಲ ನನಗೆ. ನಾನು ಸುಳ್ಳು ಬರೀಲಿಲ್ಲ ಮೇಡಂ. ನಿಜಕ್ಕೆ ಕಾಗದ ಇರಲಿಲ್ಲ, ಮಾಡ್ಕೊಟ್ಟೆ."

ತನಿಖೆ ಅಲ್ಲಿಗೆ ಮುಗಿಸಬಹುದಿತ್ತು. ಮೇಡಂ ಮುಗಿಸಲಿಲ್ಲ. ಪತ್ರದ ಸಂಗತಿ ನಿಜವೋ ಸುಳ್ಳೋ ಪರಿಶೀಲಿಸಬೇಕೆಂದು ಆಸ್ಪತ್ರೆಗೆ ನೋಟಿಸು ಕೊಟ್ಟು ಪಂಚನಾಮೆಯನ್ನು ಉಗ್ರಾಣಕ್ಕೆ ಕಳಿಸಿದರು. ಐದೂಮುಕ್ಕಾಲಿಗೆ ಅವನು ಧೂಳು ಮೆತ್ತಿಕೊಂಡು ಮರಳಿದ. ದಿನಗೂಲಿಯ ಹಾಜರಿ ಪುಸ್ತಕಗಳು, ಮೂವತ್ತೊಂದು. ಮೊದಲ ಒಂಬತ್ತರಲ್ಲಿ ಹೆಬ್ಬೆಟ್ಟು, ಆಮೇಲಿನವುಗಳಲ್ಲಿ ಕಲಿತು ಹಾಕಿದ ಸಹಿ. "ಎಂಟು ತಿಂಗಳು ಕೂಸು ಇತ್ತು ಅಂದ್ರಲ್ಲ, ಆ ಎಂಟು ತಿಂಗಳಲ್ಲಿ ಒಂದು ದಿನಾನೂ ರಜೆ ಇಲ್ಲ ಮೇಡಂ" ಎಂದ. ಅವನ ಕಣ್ಣು ಕೆಂಪಗಿತ್ತು. ಧೂಳಿಗೆ ಎಂದ.

ಆರೂಕಾಲಿಗೆ ಆಯಾ ತಾನಾಗಿಯೇ ಠಾಣೆಗೆ ಬಂದಳು. ಬೀದಿಯಲ್ಲಿ ಯಾರೋ ಹೇಳಿದ್ದರು. ಮೇಡಂ ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದರು. ಈ ಅರ್ಜಿ ತಿರಸ್ಕಾರವಾಗುತ್ತದೆ ಎಂದೂ, ಹಾಜರಿ ಪುಸ್ತಕಗಳ ದೃಢೀಕೃತ ನಕಲು ಕೊಡುತ್ತೇನೆ, ಇಟ್ಟು ಹೊಸದಾಗಿ ಅರ್ಜಿ ಹಾಕಿ ನೋಡಿ, ಆಗುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು.

ಆಯಾ ಕೇಳಿದ್ದು ಬೇರೆಯದನ್ನೇ.

"ಹಾಗಾದ್ರೆ, 'ಈಕೆಯ ತೋಳಿಗೆ ಬಾರದೆ ಈ ಆಸ್ಪತ್ರೆಯಿಂದ ಯಾವ ಕೂಸೂ ಹೊರಗೆ ಹೋಗಿಲ್ಲ' ಅಂತ ಆ ಕಾಗದದಲ್ಲಿ ಇತ್ತಲ್ಲ, ಅದು ಸಾಹೇಬ್ರು ಬರ್ದಿದ್ದಲ್ವಾ?"

"ಅಲ್ಲಮ್ಮ. ನಿಮ್ಮ ತಮ್ಮ."

ಅವಳು ತನ್ನ ಅಂಗೈ ನೋಡಿಕೊಂಡಳು. "ಒಳ್ಳೇದಾಯ್ತು ಬಿಡಿ. ಸಾಹೇಬ್ರು ಒಂದಿನಾನೂ ನನ್ನ ನೋಡಿದವರಲ್ಲ. ಇವನು ನೋಡಿದಾನೆ."

ಎದ್ದು ಲಾಕಪ್ಪಿನ ಹತ್ತಿರ ಹೋದಳು. "ಏನೋ, ಊಟ ಮಾಡಿದ್ಯಾ?" ಎಂದಳು. ಅಲ್ಲಿಯವರೆಗೆ ಗುಂಡುಕಲ್ಲಿನಂತೆ ಕೂತಿದ್ದವನು ಆಗ ಅತ್ತ.

ಮೇಡಂ ಕೇಸ್ ಡೈರಿ ಎಳೆದುಕೊಂಡರು. ಸಮಯ, ಸ್ಥಳ, ಜಪ್ತಿಯಾದ ವಸ್ತುಗಳು: ಕುಂಚ ನಾಲ್ಕು, ಶಾಯಿ ಒಂದು ಬಾಟಲಿ. ಅಪರಾಧದ ಉದ್ದೇಶ ಎಂಬಲ್ಲಿ ಲೇಖನಿ ನಿಂತಿತು. ಇಂಥ ಕೇಸುಗಳಲ್ಲಿ ಅಲ್ಲಿ ಯಾವಾಗಲೂ ಬರೆಯುವ ಮಾತು ಒಂದೇ, ಹಣದಾಸೆ. ಅವರು ಬಹಳ ಹೊತ್ತು ಯೋಚಿಸಿ ಬರೆದರು: ಬರೆದುಕೊಡಬೇಕಾದವರು ಬರೆದುಕೊಡಲಿಲ್ಲ.