ಓಬಮ್ಮ ಬರೆಸಿದ ಜಾತಿ

"ಬರ್ಕಳಿ ಸಾ, ನಾನು ಮಾದಿಗ್ರ ಮಗಳು."

ಓಬಮ್ಮನ ಮಾತು ಮುಗಿಯುವುದರೊಳಗೆ ಭಾವ ಹಾಲಪ್ಪನ ಏಟು ಬಿದ್ದಿತ್ತು. ಹಿರಿಯೂರಿನ ಆ ಪುಟ್ಟ ಮನೆಯ ಹೊಸ್ತಿಲಿಗೆ ಅವಳ ಹಣೆ ಬಡಿದು ರಕ್ತ ಚಿಮ್ಮಿತು. ಗಣತಿಗೆ ಬಂದಿದ್ದ ಮೇಷ್ಟ್ರು ಮೊಬೈಲು ಹಿಡಿದುಕೊಂಡೇ ಗೋಡೆಗೆ ಸರಿದರು.

ಹದಿನೇಳು ವರ್ಷ! ಕೆಂಚಪ್ಪ ಅವಳನ್ನು ಪ್ರೀತಿಸಿ ಮದುವೆಯಾಗಿ ತಂದಾಗ, ನಮ್ಮ ಹೊಲೆಯರವಳೇ ಎಂದು ಅಣ್ಣ ಹಾಲಪ್ಪನನ್ನು ನಂಬಿಸಿದ್ದ. ನಂಬಿಸುವುದೇನು ಕಷ್ಟ? ಗಂಡನ ಸರ್ಟಿಫಿಕೇಟಿನಲ್ಲೂ ಹೆಂಡತಿಯ ಸರ್ಟಿಫಿಕೇಟಿನಲ್ಲೂ ಇದ್ದದ್ದು ಒಂದೇ, ಹೊಲೆಯರೂ ಮಾದಿಗರೂ ಬರೆಸುತ್ತಿದ್ದ ಆದಿ ಕರ್ನಾಟಕ. ಆ ಹೆಸರಿನ ಮರೆಯಲ್ಲಿ ಅವಳು ತವರಿನ ಸುದ್ದಿಯನ್ನೇ ಎತ್ತದೆ ಬಾಳಿದ್ದಳು. ಈಗ ಮೀಸಲಾತಿ ಹಂಚಲು ಒಳಜಾತಿಯ ಲೆಕ್ಕ ಬಂದಿತ್ತು. ಮಾದಿಗರ ಒಂದು ತಲೆ ತಪ್ಪಿದರೂ ನಮ್ಮ ಮಕ್ಕಳ ಪಾಲು ಕರಗುತ್ತದೆ, ನೀನಾದರೂ ನಿಜ ಹೇಳು ಎಂದು ಅವಳ ತವರಿನ ಅಣ್ಣ ಅತ್ತು ಹೋಗಿದ್ದ.

ಹಾಲಪ್ಪನಿಗೂ ತನ್ನದೇ ಆದ ಸಂಕಟವಿತ್ತು. ಪಾಲು ಒಡೆದರೆ ಮಗನಿಗೆ ಕೆಲಸ ದಕ್ಕದೆಂಬ ಭಯ ಅವನ ನಿದ್ದೆ ಕೆಡಿಸಿತ್ತು. ಹಾಗೆಂದು ಹೆಣ್ಣಿನ ಜಡೆಗೆ ಕೈ ಹಾಕುವುದೇ? ಅವನು ಹಾಕಿದ. ಎಳೆದ, ಒದ್ದ, ಒಲೆಯ ಪಕ್ಕದ ಸೌದೆ ಎತ್ತಿಕೊಂಡ.

"ಇಷ್ಟು ವರ್ಷ ನನ್ ಕಣ್ಣಿಗೆ ಮಣ್ಣೆರಚಿದ್ಯಲ್ಲೇ. ಮೇಷ್ಟ್ರೇ, ಅದನ್ನ ಅಳಿಸ್ರಿ."

ಆಕೆ ಹೇಳಿದ್ದನ್ನು ತುಂಬಿಸಿಯಾಗಿದೆ, ರೇಷನ್ ಕಾರ್ಡಿಗೆ ಜೋಡಿಸಿದ ಮೊಬೈಲ್ ನಂಬರಿಗೆ ಒಟಿಪಿ ಹೋಗಿದೆ, ಅದನ್ನು ಹೇಳಿದರೆ ಮಾತ್ರ ದಾಖಲಾಗುತ್ತದೆ ಎಂದು ಮೇಷ್ಟ್ರು ತೊದಲಿದರು. ಆ ನಂಬರು ಬಾಗಿಲ ಬಳಿ ನಿಂತಿದ್ದ ಕೆಂಚಪ್ಪನದು.

"ಹೇಳ್ಬ್ಯಾಡ ಕಣೋ ಕೆಂಚ. ನಿನ್ನ ಸಾಕಿದೋನು ನಾನು."

ಸಾಕಿದ್ದು ನಿಜವೇ. ಕೆಂಚಪ್ಪ ಅಣ್ಣನಿಗೆ ಎಂದೂ ಎದುರಾಡಿದವನಲ್ಲ. ನೆಲದ ಮೇಲೆ ಬಿದ್ದಿದ್ದ ಓಬಮ್ಮ ಗಂಡನನ್ನೇ ನೋಡಿದಳು. ಅವನು ಮೊಬೈಲು ತೆಗೆದ.

"ಏಳು... ಮೂರು... ಸೊನ್ನೆ..."

ಸೌದೆ ಅವನ ಮುಖಕ್ಕೆ ಅಪ್ಪಳಿಸಿತು. ಎಡಗಣ್ಣಿನಿಂದ ರಕ್ತ ಸುರಿಯುತ್ತಿದ್ದರೂ ಕೊನೆಯ ಅಂಕಿ ಹೇಳಿಯೇ ಅವನು ಕುಸಿದ.

ಆ ಕಣ್ಣು ಉಳಿಯಲಿಲ್ಲ. ಆಸ್ಪತ್ರೆಗೆ ಬಂದ ಪೊಲೀಸರಿಗೆ ಕೆಂಚಪ್ಪ ಕಾಲು ಜಾರಿ ಬಿದ್ದೆನೆಂದ. ಅದನ್ನು ಕೇಳಿಸಿಕೊಂಡ ಹಾಲಪ್ಪ ಬಾಗಿಲಾಚೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತ. ಹಣೆಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಓಬಮ್ಮ ಹೊರಗೆ ಬಂದು ಅವನೆದುರು ನಿಂತಳು.

"ಪೊಲೀಸ್ನೋರು ನನ್ನೂ ಕೇಳಿದ್ರು ಭಾವ," ಎಂದಳು. "ನಾನು ಸುಳ್ಳು ಹೇಳೋದು ಬಿಟ್ಟೆ."

ಪೇದೆ ಬಂದು ತೋಳು ಹಿಡಿದಾಗ ಹಾಲಪ್ಪ ತಲೆ ತಗ್ಗಿಸಿಕೊಂಡೇ ಎದ್ದು ಹೋದ.