ಆಚೆ ಬದಿಗೆ

"ಅಜ್ಜಿ, ಕಾಲು ಎತ್ತಿ ಆಚೆ ಹಾಕಿ. ಅಷ್ಟೇ."

ವಿನೋದಜ್ಜಿ ಡಿವೈಡರನ್ನು ನೋಡಿದರು. ಅದು ಅವರ ಸೊಂಟದ ತನಕ ಇತ್ತು.

"ಇದು ಮಾರ್ಗವಾ, ಕೋಟೆಯಾ ಮಾರಾಯ್ತಿ?"

ಎದುರಿಗೇ ರೇಷನ್ ಅಂಗಡಿ. ಹನ್ನೆರಡೂವರೆಗೆ ಮುಂಡಪ್ಪಣ್ಣ ಶಟರ್ ಎಳೆಯುತ್ತಾರೆ. ಇವತ್ತು ತಿಂಗಳ ಕೊನೆಯ ದಿನ. ಹೆಬ್ಬೆಟ್ಟು ಒತ್ತದಿದ್ದರೆ ಈ ತಿಂಗಳ ಅಕ್ಕಿ ಇಲ್ಲ. ಮೊಮ್ಮಗಳು ನವ್ಯಾ ವಾಚ್ ನೋಡಿದಳು. ಹನ್ನೊಂದು ಮುಕ್ಕಾಲು.

ಅಮ್ಮ ಬರುವ ಹಾಗಿರಲಿಲ್ಲ. ಬೀಡಿ ಕಟ್ಟಿ ಕಟ್ಟಿ ಅಮ್ಮನ ಬೆರಳಿನ ಗೆರೆಗಳು ಸವೆದಿದ್ದವು. ಮೆಷಿನಿಗೆ ಅವರ ಗುರುತೇ ಸಿಗುವುದಿಲ್ಲ. ಅಜ್ಜಿ ಬೀಡಿ ಕಟ್ಟುವುದು ಬಿಟ್ಟು ಹತ್ತು ವರ್ಷ. ಅವರ ಗೆರೆಗಳು ವಾಪಸ್ ಬಂದಿದ್ದವು. ಮನೆಯ ಅಕ್ಕಿಯೆಲ್ಲ ಈಗ ಅಜ್ಜಿಯ ಹೆಬ್ಬೆರಳಿನಲ್ಲಿತ್ತು.

ಡಿವೈಡರ್ ಬಂದು ಮೂರು ವಾರವಾಗಿತ್ತು. ನವ್ಯಾ ದಿನಾ ಹಾರುತ್ತಿದ್ದಳು. ಶಾಲೆಯ ರಜೆಯ ಪ್ರಾಜೆಕ್ಟಿನಲ್ಲಿ ಅವಳು ಬರೆದದ್ದೂ ಹಾರಿ ಹೋಗುವ ಲೆಕ್ಕವೇ: 'ಮನೆಯಿಂದ ನಡೆದು — ರೇಷನ್ ಅಂಗಡಿ 4 ನಿಮಿಷ, ಆರೋಗ್ಯ ಕೇಂದ್ರ 6 ನಿಮಿಷ.'

"ಪೆಟ್ರೋಲ್ ಬಂಕಿನ ಹತ್ತಿರ ಓಪನ್ ಉಂಟು. ಅಲ್ಲಿಂದ ಹೋಗುವ," ಎಂದಳು. ಇಬ್ಬರೂ ರಸ್ತೆಯ ಬದಿಗೆ ವಾಪಸ್ ಬಂದರು. ಅಲ್ಲಿ ಸೈಕಲ್ ನಿಲ್ಲಿಸಿದ್ದಳು. "ಕ್ಯಾರಿಯರಿನಲ್ಲಿ ಕೂರಿ ಅಜ್ಜಿ, ನಾನು ದೂಡ್ತೇನೆ."

"ನಾನೇನು ಅಕ್ಕಿ ಮೂಟೆಯಾ? ನಡೀತೇನೆ."

ಅಜ್ಜಿ ನಡೆದರು. ಬಸ್ ಸ್ಟ್ಯಾಂಡಿನಲ್ಲಿ ಕೂತರು. ಮತ್ತೆ ನಡೆದರು. ಚಪ್ಪಲಿ ಅಂಗಡಿಯ ಮೆಟ್ಟಿಲಲ್ಲಿ ಕೂತರು. ನವ್ಯಾ ವಾಚ್ ನೋಡುವುದನ್ನು ಬಿಟ್ಟಳು. ನೋಡಿದರೂ ಅದು ನಿಲ್ಲುತ್ತಿರಲಿಲ್ಲ.

ಬಂಕಿನ ಹತ್ತಿರ ಡಿವೈಡರ್ ಓಪನ್ ಇತ್ತು, ಆದರೆ ಯಾವ ಗಾಡಿಯೂ ನಿಲ್ಲಲಿಲ್ಲ. ಕೊನೆಗೆ ಅಜ್ಜಿ ಬಸ್ಸಿಗೆ ಕೈ ತೋರಿಸುವ ಹಾಗೆ ಕೈ ಚಾಚಿದರು. ಒಂದು ಲಾರಿ ನಿಂತಿತು.

"ಎಲ್ಲಿಗೆ ಅಜ್ಜಿ?" ಎಂದ ಡ್ರೈವರ್.

"ಆಚೆ ಬದಿಗೆ," ಎಂದು ಅಜ್ಜಿ ದಾಟಿದರು. ನವ್ಯಾ ಸೈಕಲ್ ದೂಡಿಕೊಂಡು ಹಿಂದೆ ಓಡಿದಳು.

ಆಚೆ ಬದಿಯಲ್ಲಿ ಅಷ್ಟೇ ದೂರ ವಾಪಸ್ ನಡೆದು ಇವರು ಅಂಗಡಿ ಮುಟ್ಟುವಾಗ ಶಟರ್ ಅರ್ಧ ಇಳಿದಿತ್ತು.

"ಮುಂಡಪ್ಪಣ್ಣಾ, ನಿಲ್ಲಿ! ಅಜ್ಜಿ ಬಂದ್ರು!"

ಶಟರ್ ಮೇಲೆ ಹೋಯಿತು. "ಎಂಥ ವಿನೋದಕ್ಕ, ಇಷ್ಟು ಬೆವರಿದ್ದೀರಿ? ಎಲ್ಲಿಂದ ಬಂದದ್ದು?"

"ಎದುರಿನಿಂದ."

ಅಜ್ಜಿ ಹೆಬ್ಬೆರಳು ಒತ್ತಿದರು. ಮೆಷಿನ್ ಒಪ್ಪಲಿಲ್ಲ. ಬೆರಳಿನ ಬೆವರನ್ನು ಸೆರಗಿಗೆ ಒರೆಸಿ ಮತ್ತೆ ಒತ್ತಿದರು. ಒಪ್ಪಿತು.

ವಾಪಸ್ ಬರುವಾಗ ಕ್ಯಾರಿಯರಿನಲ್ಲಿ ಅಕ್ಕಿ ಕೂತಿತ್ತು. ಅಜ್ಜಿ ಸೀಟು ಹಿಡಿದುಕೊಂಡು ನಡೆದರು.

ಮನೆಯಲ್ಲಿ ನವ್ಯಾ ಪ್ರಾಜೆಕ್ಟ್ ಶೀಟ್ ಬಿಡಿಸಿದಳು. 'ರೇಷನ್ ಅಂಗಡಿ 4 ನಿಮಿಷ' ಎಂಬುದರ ಪಕ್ಕ 'ಅಜ್ಜಿಗೆ 45' ಎಂದು ಬರೆದಳು. ಪೆನ್ಸಿಲ್ ಕೆಳಗಿನ ಸಾಲಿಗೆ ಬಂದು ನಿಂತಿತು. ಆರೋಗ್ಯ ಕೇಂದ್ರವೂ ಆಚೆ ಬದಿಯಲ್ಲೇ ಇತ್ತು.

"ಅಜ್ಜಿ, ಆರೋಗ್ಯ ಕೇಂದ್ರದಿಂದ ನಿಮ್ಮ ಬಿಪಿ ಮಾತ್ರೆ ತರ್ಲಿಕ್ಕಿಲ್ವಾ?"

"ಅದು ಬೇಡ. ಬಿಪಿ ಗುಣ ಆಗಿದೆ ಅಂತ ಅವತ್ತೇ ಹೇಳಿದೆನಲ್ಲ."

"ಗುಣ ಆದದ್ದು ಯಾವಾಗ?"

ಅಜ್ಜಿ ಕಾಲು ನೀವಿಕೊಳ್ಳುತ್ತಾ ಲೆಕ್ಕ ಹಾಕಿದರು. "ಮೂರು ವಾರ ಆಯ್ತು."

ನವ್ಯಾ ಆ ಸಾಲಿನಲ್ಲಿ ಏನೂ ಬರೆಯಲಿಲ್ಲ. ವಾಚ್ ಬಿಚ್ಚಿ ಶೀಟಿನ ಮೇಲಿಟ್ಟಳು.

"ನಾಳೆ ಬಿಸಿಲು ಏರುವ ಮೊದಲು ಮಾತ್ರೆಗೆ ಹೊರಡುವ ಅಜ್ಜಿ," ಎಂದಳು. "ಕೂತು ಕೂತು ಹೋಗುವ."